ಟೆರೇಸ್ ಮೇಲೆ ಡ್ರೋನ್ ಇಳಿಸೋದಾ? ನಮ್ಮ ಸೊಸೈಟಿಯ ಒಂದು ಜಗಳ

ನಾವಿರುವುದು ಪುಣೆಯ ಧಾನೋರಿಯಲ್ಲಿ. ಲೋಹೆಗಾಂವ್ ವಾಯುನೆಲೆ ಹತ್ತಿರವೇ ಇದೆ. 1997ರಲ್ಲಿ ನಮ್ಮ ವಾಯುಪಡೆಗೆ ಮೊದಲ ಸುಖೋಯ್ ಯುದ್ಧವಿಮಾನಗಳು ಸೇರಿದ್ದು ಇದೇ ನೆಲೆಯಲ್ಲಿ. ಅವು ಮೇಲೆದ್ದರೆ ನಮ್ಮಲ್ಲಿ ಫೋನ್‌ನಲ್ಲಿ ಮಾತಾಡುತ್ತಿದ್ದವರು ಮಾತು ನಿಲ್ಲಿಸಿ, ಸದ್ದು ಹೋದ ಮೇಲೆ ಬಿಟ್ಟಲ್ಲಿಂದಲೇ ಶುರು ಮಾಡುತ್ತಾರೆ. ಧಾರವಾಡದಲ್ಲಿರುವ ನಮ್ಮ ಅವ್ವನಿಗೂ ಈಗ ರೂಢಿಯಾಗಿದೆ. "ಹೋತೇನು ವಿಮಾನ?" ಎಂದು ಕೇಳಿ ಮುಂದಿನ ಸುದ್ದಿ ಹೇಳುತ್ತಾಳೆ.

ಇಷ್ಟು ಸದ್ದಿನ ನಡುವೆ ಬದುಕುವ ಜನ, ಇನ್ನೂ ಬಂದೇ ಇಲ್ಲದ ಒಂದು ಡ್ರೋನ್‌ನ ಸದ್ದಿನ ಬಗ್ಗೆ ವಾರ್ಷಿಕ ಸಭೆಯಲ್ಲಿ ಊಟದ ಹೊತ್ತು ಮೀರುವ ತನಕ ಜಗಳ ಆಡಿದರು. ನಾನು ಸೊಸೈಟಿಯ ಖಜಾಂಚಿ. ನಡಾವಳಿ ಬರೆಯುವ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಹಾಗಾಗಿ ಯಾರು ಏನು ಹೇಳಿದರು ಅನ್ನೋದು ನನ್ನ ಹತ್ತಿರ ಸರಿಯಾಗಿಯೇ ಇದೆ.

ವಿಷಯ ಎತ್ತಿದ್ದು ಸಿ ವಿಂಗ್‌ನ ಒಬ್ಬ ಹುಡುಗ. ಸಾಫ್ಟ್‌ವೇರ್ ಕೆಲಸ, ಒಳ್ಳೆಯ ಹುಡುಗ, ಗಣಪತಿ ಪೆಂಡಾಲ್‌ಗೆ ಲೈಟ್ ಕಟ್ಟೋದು ಅವನೇ. ಅವನ ಅಕ್ಕ ಗುರುಗ್ರಾಮದಲ್ಲಿದ್ದಾಳೆ. ಅಲ್ಲಿ ಸ್ಕೈ ಏರ್ ಎನ್ನುವ ಕಂಪನಿ ಕೆಲವು ಅಪಾರ್ಟ್‌ಮೆಂಟ್‌ಗಳಿಗೆ ಡ್ರೋನ್‌ನಲ್ಲಿ ಪಾರ್ಸಲ್ ತಲುಪಿಸುತ್ತದೆ. ಡ್ರೋನ್ ಮನೆಯ ಬಾಗಿಲಿಗೆ ಬರುವುದಿಲ್ಲ. ಗೊತ್ತುಮಾಡಿದ ಒಂದು ಜಾಗಕ್ಕೆ ಬಂದು ಪಾರ್ಸಲ್ ಇಳಿಸಿ ಹೋಗುತ್ತದೆ. ಇದನ್ನು ನೋಡಿ ಬಂದವನಿಗೆ ಹುರುಪು ಬಂದಿತ್ತು. ಹೇಗೂ ಈ ಬೇಸಿಗೆಯಲ್ಲಿ ಟೆರೇಸ್‌ಗೆ ವಾಟರ್‌ಪ್ರೂಫಿಂಗ್ ಮಾಡಿಸಬೇಕು, ಆಗಲೇ ಒಂದು ಮೂಲೆಯನ್ನು ಡ್ರೋನ್‌ಗೆ ಎಂದು ಬಿಟ್ಟಿಡೋಣ, ಮುಂದೆ ಕಂಪನಿಗಳು ಬಂದಾಗ ಬಾಡಿಗೆಯೂ ಸಿಗುತ್ತದೆ ಎಂದ.

ಬಾಡಿಗೆ ಎಂದ ಕೂಡಲೇ ಅರ್ಧ ಸಭೆ ನೆಟ್ಟಗೆ ಕೂತಿತು.

ಮೊದಲು ಮಾತಾಡಿದವರು ಎ ವಿಂಗ್‌ನ ನಿವೃತ್ತ ವಿಂಗ್ ಕಮಾಂಡರ್. ನಮ್ಮಲ್ಲಿ ಎಲ್ಲರೂ ಅವರನ್ನು ಸರ್ ಎಂದೇ ಕರೆಯುತ್ತಾರೆ. ಅವರು ಫೋನ್ ತೆಗೆದು, ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೋರಿಸಿದರು. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳ ಪ್ರಕಾರ ದೇಶದ ಆಕಾಶ ಕೆಂಪು, ಹಳದಿ, ಹಸಿರು ಎಂದು ಮೂರು ಪಾಲು. ಹಸಿರಿನಲ್ಲಿ 400 ಅಡಿ ಎತ್ತರದ ತನಕ ಹಾರಿಸಲು ಪ್ರತ್ಯೇಕ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 5 ರಿಂದ 8 ಕಿಲೋಮೀಟರ್ ಹಳದಿ. 8 ರಿಂದ 12ರ ನಡುವೆ 200 ಅಡಿಗಿಂತ ಮೇಲೆ ಹೋದರೆ ಅದೂ ಹಳದಿ. ಹಳದಿಯಲ್ಲಿ ಏರ್ ಟ್ರಾಫಿಕ್ ಕಂಟ್ರೋಲ್‌ನವರನ್ನು ಕೇಳಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರವನ್ನೇ ಕೇಳಬೇಕು. ಇದಕ್ಕೂ ಮೊದಲು ಹಳದಿ 45 ಕಿಲೋಮೀಟರ್ ತನಕ ಇತ್ತಂತೆ, ಉದ್ಯಮ ಬೆಳೆಯಲಿ ಎಂದು 12ಕ್ಕೆ ಇಳಿಸಿದರು.

"ನಾವೆಲ್ಲಿ ಇದ್ದೇವೆ?" ಎಂದು ಯಾರೋ ಕೇಳಿದರು.

ಸರ್ ನಕ್ಷೆಯನ್ನು ದೊಡ್ಡದು ಮಾಡಿದರು. ಕೆಂಪು. ಅದರ ಮಧ್ಯದಲ್ಲಿ ನಾವು.

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಕಾನೂನು ಬೇಡ ಎನ್ನುತ್ತಿದೆ, ಮುಂದಿನ ವಿಷಯ ತಗೊಳ್ಳಿ ಎಂದು ನಾನೂ ಹೇಳಿದೆ. ಆದರೆ ಪುಣೆಯ ಸೊಸೈಟಿ ಮೀಟಿಂಗ್‌ಗಳನ್ನು ನೋಡಿದವರಿಗೆ ಗೊತ್ತು, ಆಗದ ಕೆಲಸದ ಬಗ್ಗೆಯೇ ಇಲ್ಲಿ ಚರ್ಚೆ ಜೋರು. ಒಬ್ಬೊಬ್ಬರಾಗಿ ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ಹೊರಗೆ ಹಾಕಿದರು. ನನಗೆ ಕುತೂಹಲ ಹುಟ್ಟಿದ್ದೇ ಆಗ. ಯಾರೂ ಮುಂದೆ ಬರುವ ಡ್ರೋನ್ ಬಗ್ಗೆ ಮಾತಾಡುತ್ತಿರಲಿಲ್ಲ. ತಾವು ಹಿಂದೆ ಕಂಡ ಡ್ರೋನ್ ಬಗ್ಗೆ ಮಾತಾಡುತ್ತಿದ್ದರು.

ಬಿ ವಿಂಗ್‌ನ ಒಂಬತ್ತನೇ ಮಹಡಿಯ ವಹಿನಿ (ಮರಾಠಿಯಲ್ಲಿ ಅತ್ತಿಗೆ) ಹೇಳಿದ ಕತೆ ನನಗೂ ನೆನಪಿತ್ತು. ಪಕ್ಕದ ಜಾಗದಲ್ಲಿ ಹೊಸ ಟವರ್ ಏಳುವಾಗ ಅದರ ಬಿಲ್ಡರ್ ಜಾಹೀರಾತಿಗೆ ವಿಡಿಯೋ ಮಾಡಿಸುತ್ತಿದ್ದ. ಆಗ ನಿಯಮ ಯಾರಿಗೆ ಗೊತ್ತಿತ್ತು, ಯಾರು ಕೇಳುತ್ತಿದ್ದರು! ಮಧ್ಯಾಹ್ನದ ಹೊತ್ತು, ವಹಿನಿ ಗ್ಯಾಲರಿಯಲ್ಲಿ ಬಟ್ಟೆ ಒಣಗಹಾಕುತ್ತಿದ್ದಾರೆ, ನೈಟಿಯಲ್ಲಿ. ಪಾರಿವಾಳದ ಬಲೆಯ ಆಚೆ ಒಂದು ಡ್ರೋನ್ ಬಂದು ಸುಮ್ಮನೆ ನಿಂತಿತು. ಹೋಗಲೇ ಇಲ್ಲ. ಅವರು ಒಳಗೆ ಓಡಿ ಪರದೆ ಎಳೆದರು. ಕೆಳಗೆ ಬಂದು ವಾಚ್‌ಮನ್‌ನನ್ನು ಕೇಳಿದರೆ, "ನಮ್ಮ ಗೇಟ್‌ನಿಂದ ಯಾರೂ ಬಂದಿಲ್ಲ ಮೇಡಂ" ಎಂದ. ಅವನು ಹೇಳಿದ್ದು ನಿಜವೇ. ಸೈಟ್ ಆಫೀಸ್‌ಗೆ ಹೋದರೆ ವಿಡಿಯೋ ಮಾಡುವವರು ಬೇರೆ ಏಜೆನ್ಸಿ ಎಂದರು. ಏಜೆನ್ಸಿಯ ನಂಬರ್ ಕೊನೆಗೂ ಸಿಗಲಿಲ್ಲ. ಆ ವಿಡಿಯೋದಲ್ಲಿ ತಾವಿದ್ದೇವಾ ಎಂದು ವಹಿನಿ ಎಷ್ಟೋ ದಿನ ಆ ಬಿಲ್ಡರ್‌ನ ಪೇಜ್ ನೋಡುತ್ತಿದ್ದರಂತೆ. ಇದನ್ನು ಸಭೆಯಲ್ಲಿ ನಗುತ್ತಲೇ ಹೇಳಿದರು. ಆದರೆ ಯಾರಿಗೂ ನಗು ಬರಲಿಲ್ಲ.

ಪಾರ್ಸಲ್ ತರುವ ಡ್ರೋನ್‌ನಲ್ಲೂ ಕ್ಯಾಮೆರಾ ಇರುತ್ತದಾ ಎಂದು ಅವರು ಆ ಹುಡುಗನನ್ನು ಕೇಳಿದರು. ಇಳಿಯುವ ಜಾಗ ನೋಡಲು, ಅಡ್ಡ ಬಂದದ್ದನ್ನು ತಪ್ಪಿಸಲು ಬೇಕಾಗುತ್ತದೆ, ಆದರೆ ಅದು ಚಿತ್ರ ತೆಗೆಯಲು ಅಲ್ಲ ಎಂದ. "ಅದು ನಿನಗೆ ಹೇಗೆ ಗೊತ್ತು?" ಎಂದರು. ಅವನ ಹತ್ತಿರ ಉತ್ತರ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ ಅಲ್ವಾ? ಕೆಳಗೆ ನಿಂತವರಿಗೆ ಎಲ್ಲ ಡ್ರೋನ್‌ಗಳೂ ಒಂದೇ ಥರ ಕಾಣುತ್ತವೆ.

ನಮ್ಮ ಮನೆಗೆ ಕೆಲಸಕ್ಕೆ ಬರುವ ಮಾವಶಿಯ ತವರು ಶಿರೂರು ತಾಲೂಕಿನಲ್ಲಿ. ನಮ್ಮ ಕುಂದಾಪುರದ ಹತ್ತಿರದ ಶಿರೂರು ಅಲ್ಲ, ಪುಣೆ ಜಿಲ್ಲೆಯದು. ಮೀಟಿಂಗ್ ಕತೆಯನ್ನು ಮರುದಿನ ಅವಳಿಗೆ ಹೇಳಿದಾಗ ಪಾತ್ರೆ ತೊಳೆಯೋದು ನಿಲ್ಲಿಸಿ ನನ್ನನ್ನೇ ನೋಡಿದಳು. 2024ರ ಮಳೆಗಾಲದಲ್ಲಿ ಶಿರೂರು, ದೌಂಡ್ ಕಡೆಯ ಹಳ್ಳಿಗಳ ಮೇಲೆ ರಾತ್ರಿ ಡ್ರೋನ್‌ಗಳು ಹಾರಾಡುತ್ತಿವೆ ಎಂದು ದೊಡ್ಡ ಗುಲ್ಲೆದ್ದಿತ್ತು. ಕಳ್ಳರು ಮೇಲಿನಿಂದ ಮನೆ ನೋಡಿಕೊಂಡು ಹೋಗುತ್ತಾರೆ, ಆಮೇಲೆ ಬರುತ್ತಾರೆ ಎಂದು ಜನ ನಂಬಿದರು. ಅವಳ ಅಣ್ಣಂದಿರು ಕೋಲು ಹಿಡಿದು ರಾತ್ರಿ ಪಾಳಿಯಲ್ಲಿ ಕಾವಲು ಕೂತರು. "ಕಳ್ಳರು ಬಂದರಾ?" ಎಂದೆ. "ಕಳ್ಳರು ಬರಲಿಲ್ಲ, ನಿದ್ದೆಯೂ ಬರಲಿಲ್ಲ" ಎಂದಳು. ಹಾರಿಸಿದವರು ಯಾರು ಎಂದು ಊರಿನಲ್ಲಿ ಯಾರಾದರೂ ಬಂದು ಹೇಳಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂದು ಅವಳೇ ಸೇರಿಸಿದಳು. ಡ್ರೋನ್ ಉದ್ಯಮದವರು ಲಕ್ಷಗಟ್ಟಲೆ ಕೊಟ್ಟು ಸರ್ವೇ ಮಾಡಿಸುವ ಬದಲು ಇವಳನ್ನು ಕೇಳಬಹುದಿತ್ತು.

ಇನ್ನು ಸದ್ದಿನ ವಿಷಯ. ಸುಖೋಯ್ ಸಹಿಸುವವರು ಡ್ರೋನ್ ಸಹಿಸಲ್ವಾ ಎಂದು ಆ ಹುಡುಗ ಕೇಳಿದ್ದು ನ್ಯಾಯವಾದ ಪ್ರಶ್ನೆ. ನಾನೂ ಮೊದಲು ಹಾಗೇ ಅಂದುಕೊಂಡೆ. ಆಮೇಲೆ ಸ್ವಲ್ಪ ಓದಿದೆ. 2017ರಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ಒಂದು ಪ್ರಯೋಗ ಮಾಡಿದ್ದರು. ಕಾರು, ವ್ಯಾನ್, ಲಾರಿಗಳ ಸದ್ದನ್ನೂ ಡ್ರೋನ್ ಸದ್ದನ್ನೂ ಜನರಿಗೆ ಕೇಳಿಸಿ, ಯಾವುದು ಎಷ್ಟು ಕಿರಿಕಿರಿ ಎಂದು ಕೇಳಿದರು. ಸದ್ದಿನ ಮಟ್ಟ ಒಂದೇ ಇದ್ದರೂ ಡ್ರೋನ್‌ನದ್ದೇ ಜಾಸ್ತಿ ಕಿರಿಕಿರಿ ಎಂದರು ಜನ. ಕಾರಣ ಊಹಿಸುವುದು ಕಷ್ಟವಲ್ಲ. ಡ್ರೋನ್‌ಗೆ ನಾಲ್ಕೋ ಆರೋ ಚಿಕ್ಕ ರೆಕ್ಕೆಗಳು, ಜೋರಾಗಿ ತಿರುಗುತ್ತವೆ, ಸದ್ದು ಕೀರಲು. ಗಾಳಿ ಸ್ವಲ್ಪ ಬೀಸಿದರೂ ಸಮತೋಲನಕ್ಕೆ ಒಂದೊಂದೂ ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಹಾಗಾಗಿ ಸದ್ದು ಒಂದೇ ಸಮ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ, ನಡುಗುತ್ತದೆ. ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗೆ, ಸಣ್ಣದು ಎಂದು ಬಿಟ್ಟುಬಿಡಲು ಆಗುವುದಿಲ್ಲ. ಸುಖೋಯ್ ಎದೆ ನಡುಗಿಸಿ ಹೋಗಿಬಿಡುತ್ತದೆ. ಡ್ರೋನ್ ಪಾರ್ಸಲ್ ಇಳಿಸುವ ತನಕ ನಿಮ್ಮ ತಲೆಯ ಮೇಲೆಯೇ ನಿಂತಿರುತ್ತದೆ. ಮತ್ತೆ, ಸುಖೋಯ್ ಯಾಕೆ ಹಾರುತ್ತಿದೆ ಅನ್ನೋದು ನಮಗೆ ಗೊತ್ತು. ಎದುರು ಮನೆಯವನ ಕುರ್ಕುರೆ ತರಲು ಅಲ್ಲ!

ಇದು ಬರೀ ನಮ್ಮ ಧಾನೋರಿಯ ಸೂಕ್ಷ್ಮ ಅಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಬೋನಿಥನ್ ಎಂಬ ಬಡಾವಣೆ ಇದೆ. 2018ರಲ್ಲಿ ಗೂಗಲ್‌ನ ಬಳಗದ ವಿಂಗ್ ಕಂಪನಿ ಅಲ್ಲಿ ಡ್ರೋನ್‌ನಲ್ಲಿ ತಿಂಡಿ, ಔಷಧ ಅಂಗಡಿಯ ಸಾಮಾನು ತಲುಪಿಸುವ ಪ್ರಯೋಗ ಶುರು ಮಾಡಿತು. ಕೆಲವರಿಗೆ ಖುಷಿ. ಕೆಲವರಿಗೆ ಎಷ್ಟು ಸಿಟ್ಟು ಬಂತೆಂದರೆ ಡ್ರೋನ್ ವಿರುದ್ಧ ಒಂದು ಗುಂಪೇ ಹುಟ್ಟಿತು. ನಾಯಿಗಳು ಬೊಗಳುತ್ತವೆ, ಹಿತ್ತಲಿನಲ್ಲಿ ನೆಮ್ಮದಿಯಾಗಿ ಕೂರೋಕೆ ಆಗಲ್ಲ ಎಂದು ದೂರು. ಅಲ್ಲಿನ ವಿಧಾನಸಭೆ 2019ರಲ್ಲಿ ವಿಚಾರಣೆಯನ್ನೂ ನಡೆಸಿತು. ಕಂಪನಿ ಸದ್ದು ಕಡಿಮೆ ಮಾಡುವ ರೆಕ್ಕೆ ತಂದಿತು, ಜಾಗ ಬದಲಿಸಿತು. ಆಮೇಲೆ 2021ರಲ್ಲಿ ಗೂಡು ಕಟ್ಟುವ ಕಾಲದಲ್ಲಿ ಅಲ್ಲಿನ ಕಾಗೆ ಜಾತಿಯ ಹಕ್ಕಿಗಳು ಡ್ರೋನ್ ಮೇಲೆರಗಿ, ಒಂದು ಬಡಾವಣೆಯಲ್ಲಿ ಸೇವೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಆ ವಿಡಿಯೋ ಮಾತ್ರ ನೋಡಲೇಬೇಕು. 2023ರಲ್ಲಿ ಕಂಪನಿ ಕ್ಯಾನ್‌ಬೆರಾ ಬಿಟ್ಟಿತು. ನಮ್ಮಲ್ಲಿ ಹದ್ದುಗಳಿವೆ, ಕಾಗೆಗಳಿವೆ, ಸಂಕ್ರಾಂತಿಗೆ ಗಾಳಿಪಟದ ಮಾಂಜಾ ಬೇರೆ. ಬೈಕ್‌ನವರ ಕುತ್ತಿಗೆ ಕೊಯ್ಯುವ ನೈಲಾನ್ ಮಾಂಜಾ ಡ್ರೋನ್ ರೆಕ್ಕೆಗೆ ಸುತ್ತಿಕೊಂಡರೆ ಏನಾದೀತು, ನೀವೇ ಯೋಚಿಸಿ.

ಅಮೆರಿಕದ ಟೆಕ್ಸಸ್‌ನ ಕಾಲೇಜ್ ಸ್ಟೇಷನ್ ಊರಿನ ಕತೆ ಇನ್ನೂ ಹತ್ತಿರದ್ದು. ಅಮೆಜಾನ್ ಅಲ್ಲಿ 2022ರ ಕೊನೆಗೆ ಡ್ರೋನ್ ಡೆಲಿವರಿ ಶುರು ಮಾಡಿತ್ತು. 2024ರಲ್ಲಿ ದಿನಕ್ಕೆ 200 ಇದ್ದ ಹಾರಾಟದ ಮಿತಿಯನ್ನು 469ಕ್ಕೆ ಏರಿಸಲು ಅನುಮತಿ ಕೇಳಿತು. ಡ್ರೋನ್ ಏಳುವ ಜಾಗದ ಪಕ್ಕದ ಮನೆಯವರು ರೇಗಿಬಿದ್ದರು, ಮೇಯರ್ ವಿಮಾನಯಾನ ಇಲಾಖೆಗೆ ಪತ್ರ ಬರೆದರು. ಮರುವರ್ಷ ಕಂಪನಿ ಅಲ್ಲಿಂದ ಗಂಟು ಕಟ್ಟಿತು. ಅಲ್ಲಿ ಪಾರ್ಸಲ್ ತರಿಸಿಕೊಂಡವರು ಊರ ತುಂಬಾ ಇದ್ದರು. ಸದ್ದು ಮಾತ್ರ ಹಾರುವ ಜಾಗದ ಸುತ್ತ ಇದ್ದವರಿಗೆ. ಒಂದು ಮನೆಗೆ ಎರಡು ವಾರಕ್ಕೊಂದು ಪಾರ್ಸಲ್ ಬರಬಹುದು. ಆದರೆ ದಾರಿಯಲ್ಲಿರುವ ಮನೆಯ ಮೇಲೆ ಊರಿನವರೆಲ್ಲರ ಪಾರ್ಸಲ್ ಹೋಗುತ್ತದೆ. ಈ ಲೆಕ್ಕವನ್ನು ಖಜಾಂಚಿಯಾಗಿ ನಾನು ಸಭೆಗೆ ಹೇಳಿದೆ. ಕೆಲವರಿಗೆ ಹಿಡಿಸಲಿಲ್ಲ. ಬಾಡಿಗೆ ಎಷ್ಟು ಬರಬಹುದು ಎಂದು ಮತ್ತೆ ಕೇಳಿದರು.

ಔಷಧದ ಮಾತು ಬಂದಾಗ ಸಭೆಯ ಧಾಟಿಯೇ ಬದಲಾಯಿತು ಅನ್ನೋದನ್ನೂ ಹೇಳಬೇಕು. ಕೋವಿಡ್ ಕಾಲದಲ್ಲಿ, 2021ರ ಅಕ್ಟೋಬರ್‌ನಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನವರು, ಮಣಿಪುರದ ಲೋಕ್ಟಕ್ ಸರೋವರದ ಕರಾಂಗ್ ದ್ವೀಪಕ್ಕೆ ಡ್ರೋನ್‌ನಲ್ಲಿ ಲಸಿಕೆ ಕಳಿಸಿದ್ದರು. ಆ ಡಿಸೆಂಬರ್‌ನಲ್ಲಿ ನಮ್ಮ ಮಹಾರಾಷ್ಟ್ರದಲ್ಲೇ, ಪಾಲ್ಘರ್ ಜಿಲ್ಲೆಯ ಜವ್ಹಾರ್‌ನಿಂದ ಗುಡ್ಡದಾಚೆಯ ಝಾಪ್ ಹಳ್ಳಿಗೆ 300 ಡೋಸ್ ಹತ್ತು ನಿಮಿಷದೊಳಗೆ ತಲುಪಿತ್ತು. ಆಫ್ರಿಕಾದ ರುವಾಂಡಾದಲ್ಲಿ 2016ರಿಂದಲೇ ಜಿಪ್‌ಲೈನ್ ಕಂಪನಿ ಆಸ್ಪತ್ರೆಗಳಿಗೆ ಹೀಗೆ ರಕ್ತ ಕಳಿಸುತ್ತಿದೆ. ಇದಕ್ಕೆ ಬೇಡ ಅನ್ನುವವರು ನಮ್ಮ ಸೊಸೈಟಿಯಲ್ಲೂ ಯಾರಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವ ಒಬ್ಬ ಆಜೋಬಾ (ಅಜ್ಜ) ಕೈ ಎತ್ತಿ, "ಔಷಧ ಬಂದರೆ ರಾತ್ರಿ ಎರಡಕ್ಕೂ ಬರಲಿ, ನಾನು ಎದ್ದು ಹೋಗಿ ತಗೊಳ್ತೀನಿ" ಎಂದರು. ಆದರೆ ಔಷಧವನ್ನು ಮುಂದೆ ತೋರಿಸಿ ಹಿಂದಿನಿಂದ ಐಸ್‌ಕ್ರೀಮ್ ತರುವುದು ಬೇರೆ ವಿಷಯ. ರಸ್ತೆ ಇಲ್ಲದ ಗುಡ್ಡ, ದೋಣಿ ಬೇಕಾದ ದ್ವೀಪ, ಅಲ್ಲಿ ಡ್ರೋನ್‌ಗೆ ಕೆಲಸ ಇದೆ. ಮೂರು ಮೆಡಿಕಲ್ ಶಾಪ್ ಇರುವ ನಮ್ಮ ಬೀದಿಯಲ್ಲಿ ಅದಕ್ಕೇನು ಕೆಲಸ ಎಂದು ನನಗೆ ಇನ್ನೂ ಅರ್ಥವಾಗಿಲ್ಲ.

ಮೀಟಿಂಗ್‌ಗೆ ಬರದ ಒಬ್ಬನ ಅಭಿಪ್ರಾಯವನ್ನೂ ನಾನು ಕೇಳಿದೆ. ನಮಗೆ ತರಕಾರಿ, ಹಾಲು ತರುವ ಒಬ್ಬ ಡೆಲಿವರಿ ಹುಡುಗ ಸಾಂಗ್ಲಿ ಜಿಲ್ಲೆಯ ಜತ್ತದವನು. ಮೊದಲ ಸಲ ಬಂದಾಗ ನಾನು ಫೋನ್‌ನಲ್ಲಿ ಅವ್ವನ ಜೊತೆ ಮಾತಾಡುತ್ತಿದ್ದೆ. ಕೇಳಿಸಿಕೊಂಡವನೇ, "ಅಕ್ಕಾರ, ನೀವು ಕನ್ನಡದವರೇನ್ರಿ?" ಎಂದಿದ್ದ. ಅವತ್ತಿನಿಂದ ನಮ್ಮಿಬ್ಬರದು ಕನ್ನಡದಲ್ಲೇ ವ್ಯವಹಾರ. ನಿನ್ನ ಕೆಲಸ ಡ್ರೋನ್ ಕಿತ್ತುಕೊಳ್ಳುತ್ತೇನೋ ಎಂದು ಕೇಳಿದರೆ ನಕ್ಕ.

"ಬರ್ಲಿ ಬಿಡ್ರಿ ಅಕ್ಕಾರ, ಅಂಜಿಕಿ ಇಲ್ಲ. ಅದಕ್ಕ ಟೆರೇಸ್ ಸಿಗ್ತದ, ಮನಿ ಎಲ್ಲಿ ಸಿಗ್ತದ್ರಿ? ಟೆರೇಸಿನಿಂದ ಕೆಳಗ ತರಾಕ ಮತ್ತ ನಾನ ಬೇಕು."

ಸ್ವಲ್ಪ ತಡೆದು ಇನ್ನೊಂದು ಹೇಳಿದ. "ಮಳಿಯಾಗ ಅದು ಹಾರೂದಿಲ್ಲಂತ. ಮಳಿ ಬಂದ್ರ ನಮ್ಮನ್ನ ಕಳಸ್ತಾರ."

ಪುಣೆಯ ಜುಲೈ ನೋಡಿದವರಿಗೆ ಈ ಮಾತಿನ ಭಾರ ಗೊತ್ತಾಗುತ್ತದೆ. ಜೋರು ಮಳೆ ಗಾಳಿಯಲ್ಲಿ ಡ್ರೋನ್ ನೆಲಕ್ಕೆ ಇಳಿಯುತ್ತದೆ, ಹುಡುಗರು ರಸ್ತೆಗೆ ಇಳಿಯುತ್ತಾರೆ.

ನಮ್ಮ ಸೊಸೈಟಿಗೆ ಈ ಹುಡುಗರ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಡೆಲಿವರಿಯವರು ಸರ್ವಿಸ್ ಲಿಫ್ಟ್ ಮಾತ್ರ ಬಳಸಬೇಕು ಎಂಬ ಬೋರ್ಡ್ ಇದೆ. ನಾನು ಅದರ ವಿರುದ್ಧ ಮತ ಹಾಕಿದ್ದೆ, ಸೋತೆ. ಗೇಟ್‌ನಲ್ಲಿ ಅವರ ಹೆಸರು, ಫ್ಲ್ಯಾಟ್ ನಂಬರ್, ಫೋನ್ ಎಲ್ಲ ಬರೆಸಿಕೊಳ್ಳುತ್ತಾರೆ, ಮೇಲೆ ಆ್ಯಪ್‌ನಲ್ಲಿ ನಾವು ಒಪ್ಪಿಗೆ ಒತ್ತಬೇಕು. ಹೀಗೆ ಎರಡೆರಡು ಸಲ ಕೇಳಿ ಒಳಗೆ ಬಿಡುವ ಜನಕ್ಕೆ, ರಿಜಿಸ್ಟರ್‌ನಲ್ಲಿ ಹೆಸರು ಬರೆಯದೆ ಮೇಲಿನಿಂದ ಬರುವ ಒಂದು ವಸ್ತು ಎಂದರೆ ಗಾಬರಿ ಆಗದೆ ಇರುತ್ತದಾ? ತಪ್ಪು ಜಾಗದಲ್ಲಿ ಬೈಕ್ ನಿಲ್ಲಿಸಿದ ಹುಡುಗನನ್ನು ಕರೆದು ಬೈಯಬಹುದು. ನಮ್ಮ ಕಾಕಾಗಳಿಗೆ ಅದೇ ಬೆಳಗಿನ ವ್ಯಾಯಾಮ. ಡ್ರೋನ್ ಹೂಕುಂಡ ಒಡೆದರೆ ಯಾರನ್ನು ನಿಲ್ಲಿಸಿ ಕೇಳೋದು? ಅದನ್ನು ನಡೆಸುವವನು ಎಲ್ಲೋ ದೂರದಲ್ಲಿ ಪರದೆ ಮುಂದೆ ಕೂತಿರುತ್ತಾನೆ. ಡ್ರೋನ್‌ಗೆ ನೋಂದಣಿ ಸಂಖ್ಯೆ ಇರುತ್ತದೆ, ನಿಜ. ಆದರೆ 200 ಅಡಿ ಎತ್ತರದಲ್ಲಿರುವ ನಂಬರ್ ಪ್ಲೇಟ್ ಓದುವ ಕಣ್ಣು ನಮ್ಮಲ್ಲಿ ಸರ್ ಒಬ್ಬರಿಗೇ ಇದ್ದೀತು.

ನನ್ನ ಅನುಮಾನ ಇಷ್ಟೇ. ಜನ ಯಂತ್ರಕ್ಕೆ ಹೆದರುತ್ತಿಲ್ಲ. ಲೋಹೆಗಾಂವ್ ಪಕ್ಕ ಮನೆ ಕೊಂಡವರು ಯಂತ್ರಕ್ಕೆ ಹೆದರುವ ಪೈಕಿಯೇ? ಕೇಳಿದರೆ ಉತ್ತರ ಕೊಡುವ ಒಬ್ಬ ಮನುಷ್ಯ ಎದುರಿಗೆ ಬೇಕು ಅವರಿಗೆ. ಒಂಬತ್ತನೇ ಮಹಡಿಯ ವಹಿನಿಗೂ ಶಿರೂರಿನ ಅಣ್ಣಂದಿರಿಗೂ ಸಿಗದೆ ಹೋದದ್ದು ಅದೇ. ಯಾವ ಕಂಪನಿ ಬಂದರೂ ಮೊದಲು ಒಂದು ಫೋನ್ ನಂಬರ್ ಕೊಡಲಿ, ಅದನ್ನು ಮನುಷ್ಯರೇ ಎತ್ತಲಿ, ಹಾರುವ ದಾರಿ ಮತ್ತು ಹೊತ್ತನ್ನು ನೋಟಿಸ್ ಬೋರ್ಡ್‌ಗೆ ಹಚ್ಚಲಿ, ಪಾರ್ಸಲ್ ತರಿಸದವರ ಒಪ್ಪಿಗೆಯನ್ನೂ ಕೇಳಲಿ ಎಂದು ನಾನು ನಡಾವಳಿಯಲ್ಲಿ ಬರೆದೆ. ಸೆಕ್ರೆಟರಿ ಇದನ್ನು ಓದಿ, "ಮೊದಲು ಕೆಂಪು ಹೋಗಲಿ ಮೇಡಂ" ಎಂದರು.

ಆ ಹುಡುಗ ಸುಮ್ನೆ ಬಿಡುವವನಲ್ಲ. ಒಂದು ಗೂಗಲ್ ಫಾರ್ಮ್ ಮಾಡಿ ಗ್ರೂಪ್‌ಗೆ ಹಾಕಿದ. ಡ್ರೋನ್ ಡೆಲಿವರಿ ಬೇಕಾ ಎನ್ನುವ ಮೊದಲ ಪ್ರಶ್ನೆಗೆ ಬೇಕು ಎಂದವರೇ ಜಾಸ್ತಿ. ಯಾವ ವಿಂಗ್‌ನ ಟೆರೇಸ್ ಮೇಲೆ ಇಳಿಯಲಿ ಎನ್ನುವುದು ಎರಡನೆಯದು. ಎ ವಿಂಗ್‌ನವರು ಬಿ ಎಂದರು, ಬಿಯವರು ಸಿ ಎಂದರು. ಸಿಯವರು ಗಾರ್ಡನ್‌ನಲ್ಲಿ ಇಳಿಯಲಿ ಎಂದರು. ಗಾರ್ಡನ್‌ನಲ್ಲಿ ಸಂಜೆ ಕೂರುವ ಆಜಿಗಳಲ್ಲಿ ಯಾರೂ ಫಾರ್ಮ್ ತುಂಬಿಲ್ಲ, ಆದರೆ ಅವರು ಏನು ಹೇಳುತ್ತಾರೆ ಎಂದು ಎಲ್ಲರಿಗೂ ಗೊತ್ತು. ಹಿಂದೆ ಮೊಬೈಲ್ ಟವರ್ ಕೂರಿಸುವ ಮಾತು ಬಂದಾಗಲೂ ಇದೇ ಕತೆ ಆಗಿತ್ತು. ಸಿಗ್ನಲ್ ಎಲ್ಲರಿಗೂ ಬೇಕು, ಟವರ್ ಮಾತ್ರ ಪಕ್ಕದ ಕಟ್ಟಡದ ಮೇಲೆ ಇರಲಿ.

ಬೇರೆ ಸಲಹೆ ಇದ್ದರೆ ಬರೆಯಿರಿ ಎಂದು ಫಾರ್ಮ್‌ನ ಕೊನೆಯಲ್ಲಿ ಒಂದು ಖಾಲಿ ಜಾಗ ಇತ್ತು. ಅಲ್ಲಿ ಜಾಸ್ತಿ ಜನ ಡ್ರೋನ್ ಬಗ್ಗೆ ಏನೂ ಬರೆದಿಲ್ಲ. ಸಿ ವಿಂಗ್‌ನ ಲಿಫ್ಟ್ ಯಾವಾಗ ರಿಪೇರಿ ಆಗುತ್ತದೆ ಎಂದು ಕೇಳಿದ್ದಾರೆ. ಅದರ ಕೊಟೇಶನ್ ನನ್ನ ಹತ್ತಿರವೇ ಇದೆ, ಮುಂದಿನ ಕಮಿಟಿ ಮೀಟಿಂಗ್‌ನಲ್ಲಿ ಇಡುತ್ತೇನೆ.